ಕರಡಿಗೆ ಸಿಕ್ಕ ಹೊಸ ಜಾಗ

ಪುಟ್ಟಿಯ ಅಮ್ಮನಿಗೆ,

ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕರಡಿಯನ್ನು ಈ ಮೃಗಾಲಯಕ್ಕೆ ಒಪ್ಪಿಸಿದ್ದಾಯಿತು. ಇದನ್ನು ಕಟ್ಟಿಸಿದವನ ತಲೆಯಲ್ಲಿ ಮಣ್ಣು ತುಂಬಿತ್ತೋ ಏನೋ. ಐಸ್‌ಕ್ರೀಮ್ ಅಂಗಡಿಗೆ ಮರದ ನೆರಳು, ಕರಡಿಗೆ ಬರೀ ಸಿಮೆಂಟು. ಜನ ನಾಲ್ಕೂ ಕಡೆ ನಿಂತು ಕೂಗುತ್ತಾರೆ. ಮಲಗುವ ಗೂಡಿಗೆ ಸಂಜೆಯವರೆಗೂ ಬೀಗ. ಯಾಕೆ ಎಂದು ಇಲ್ಲಿನ ಸಾಹೇಬರನ್ನು ಕೇಳಿದೆ. "ಒಳಗೆ ಬಿಟ್ರೆ ಹೊರಗೆ ಬರಲ್ಲ ಕಣ್ರೀ, ಟಿಕೆಟ್ ತಗೊಂಡವರು ನಮ್ಮನ್ನ ಬೈತಾರೆ," ಎಂದರು.

ನನ್ನ ಬುದ್ಧಿಗೆ ಬೆಂಕಿ ಹಾಕ. ನಮ್ಮ ಮೃಗಾಲಯದಲ್ಲಿ ಗೂಡಿಗೆ ಕರೆಯುವಾಗ ಬಡಿಯುವಂತೆ ಬಕೆಟ್ಟನ್ನು ಎರಡು ಸಲ ಬಡಿದುಬಿಟ್ಟೆ. ಅದು ಓಡಿಹೋಗಿ ಬೀಗ ಹಾಕಿದ ಬಾಗಿಲಿಗೆ ಮೂತಿ ಒತ್ತಿಕೊಂಡು ಕಾಯುತ್ತಾ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಸಾಹೇಬರು ಒಂದು ಕಾಗದ ಮುಂದೆ ಹಿಡಿದರು: "ಜಾಗ ಪರಿಶೀಲಿಸಿದ್ದೇನೆ, ತೃಪ್ತಿಕರವಾಗಿದೆ." ಕೈಗೆ ಪೆನ್ನು ಕೊಟ್ಟು, "ಬೇಗ ಹಾಕ್ರಿ, ಊಟದ ಹೊತ್ತಾಯ್ತು," ಎಂದರು. ಹಾಕಿದೆ.

ಲಾರಿಯಲ್ಲಿ ಕೂತು ಕೂತು ಮಂಡಿ ಊದಿದೆ, ಗಾಬರಿಯಾಗಬೇಡ. ನಾಳೆ ಹೊರಡುತ್ತೇನೆ. ಪುಟ್ಟಿ ಕೇಳಿದರೆ ಜಾಗ ದೊಡ್ಡದಿದೆಯಂತೆ ಅನ್ನು. ನಾನು ಬರುವಷ್ಟರಲ್ಲಿ ಆ ಹಾಲಿನ ಬಾಟಲಿಯನ್ನು ಎಲ್ಲಾದರೂ ಎತ್ತಿಡು, ನನ್ನ ಕಣ್ಣಿಗೆ ಬೀಳದಿರಲಿ.

ಇತಿ,
ಸಹಿ ಹಾಕಿದವನು