ಮೊನ್ನೆ ಮಂಗಳವಾರ ಹುಟ್ಟಿದ ಅಕ್ಕ

ಅಕ್ಕಾ,

ಮೂರೇ ದಿನದಲ್ಲಿ ಜ್ಯೋತಿಷ್ಯವನ್ನು ಅರೆದು ಕುಡಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ನಾನು ಕಂಪ್ಯೂಟರ್ ಹಚ್ಚಿದರೆ ಸಾಕು, ಶನಿಯೂ ಎದ್ದು ನಿಂತು "ಏನಪ್ಪಣೆ ಧಣಿ?" ಅನ್ನುತ್ತಾನೆ.

ಡ್ಯೂಟಿ ಮುಗಿಸಿ ಬಂದವಳು ಮೊದಲು ಊಟ ಮಾಡು. ಹಾಲು ಉಕ್ಕಿ ಅರ್ಧವಾಗಿದೆ, ಅದೂ ಶನಿಯದೇ ಕೆಲಸ.

ಆಮೇಲೆ ದೂರದ ಊರಿನ ಆಸ್ಪತ್ರೆಯಿಂದ ಬಂದ ಕೆಲಸದ ಪತ್ರಕ್ಕೆ ಸಹಿ ಹಾಕು. ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಇವತ್ತು ಸಂಜೆ ಐದು ಗಂಟೆಯೊಳಗೆ ಕಳಿಸದಿದ್ದರೆ ಕೆಲಸ ಬೇರೆ ನರ್ಸಿಗೆ ಹೋಗುತ್ತದೆ.

"ಈ ವರ್ಷ ಮನೆ ಬಿಟ್ಟು ಕದಲಬಾರದು" ಎಂದಿದ್ದ, ನಾನು ಕಂಪ್ಯೂಟರಿನಲ್ಲಿ ತೆಗೆದುಕೊಟ್ಟ ಆ ಜಾತಕವನ್ನು ಒಲೆಗೆ ಹಾಕು. ಅದು ನಿನ್ನದಲ್ಲ. ಹುಟ್ಟಿದ ದಿನ ತುಂಬದೆ ಮುಂದೆ ಹೋದರೆ ಸಾಫ್ಟ್‌ವೇರು ಅವತ್ತಿನ ತಾರೀಖನ್ನೇ ಹಾಕಿಕೊಳ್ಳುತ್ತದಂತೆ. ಬೆಳಿಗ್ಗೆ ಅಪ್ಪ ಕನ್ನಡಕ ಏರಿಸಿ ಓದಿ, "ಏನೋ ಪಂಡಿತ, ನಿನ್ನಕ್ಕ ಮೊನ್ನೆ ಮಂಗಳವಾರ ಹುಟ್ಟಿದ್ಲೇನೋ? ವಯಸ್ಸು ಸೊನ್ನೆ ಅಂತಿದೆ!" ಅಂದರು. ಮೂರು ದಿನದ ಕೂಸು ಮನೆ ಬಿಟ್ಟು ಎಲ್ಲಿಗೆ ಹೋದೀತು? ಗ್ರಹಗಳು ಸರಿಯಾಗಿಯೇ ಹೇಳಿವೆ.

ಅಂಗಡಿಗೆ ಹೊರಟಿದ್ದೇನೆ. ಬೈಯುವುದಿದ್ದರೆ ಸಂಜೆ ಬೈಯಿ.

ಅಪ್ಪನಿಗೆ "ನೋಡ್ಲಿಲ್ಲಪ್ಪ" ಅಂದೆ. ಅದು ಸುಳ್ಳು. ಆ ಸೊನ್ನೆ ಮಂಗಳವಾರವೇ ನನ್ನ ಕಣ್ಣಿಗೆ ಬಿದ್ದಿತ್ತು. ಅಷ್ಟರಲ್ಲಿ ನೀನು ಜಾತಕ ಓದಿ, ಬ್ಯಾಗನ್ನು ಮತ್ತೆ ಅಟ್ಟಕ್ಕೆ ಹಾಕಿಬಿಟ್ಟಿದ್ದೆ. ತಪ್ಪಾಗಿದೆ ಅಂತ ಹೇಳದೆ ಕಂಪ್ಯೂಟರ್ ಆರಿಸಿಬಿಟ್ಟೆ. ನೀನಿಲ್ಲದ ಮನೆ ನೆನೆದರೆ ಈ ಪಂಡಿತನಿಗೆ ಕೈಕಾಲೇ ಆಡುವುದಿಲ್ಲ ಅಕ್ಕಾ.

ಬ್ಯಾಗ್ ಕೆಳಗಿಳಿಸಿ, ಧೂಳು ಒರೆಸಿ ಇಟ್ಟಿದ್ದೇನೆ.