ಗೇಟಿನ ಕಮಾನು

ಮಂಗಳವಾರ, ೧೮ ನವೆಂಬರ್ ೨೦೨೫

ಎರಡು ತಾಸು, ಬರೀ ಬೋರ್ಡಿನ ಜಗಳ! ಚೆಂಬೂರಿನ ಆ ಖಾಲಿ ಆಫೀಸ್ ಕಟ್ಟಡಕ್ಕೆ ಪೊಲೀಸ್ ಠಾಣೆ, ಅಗ್ನಿಶಾಮಕ ದಳ ಎರಡೂ ಬರಲಿವೆ. ಯಾರ ಹೆಸರು ಮೇಲಿರಬೇಕೆಂಬುದೇ ಅಧಿಕಾರಿಗಳ ಚಿಂತೆ. ಚಹಾ ತಂದ ಆ ಕಟ್ಟಡದ ವಾಚ್‌ಮನ್ ಬಂಡೆಪ್ಪ ನನ್ನ ಪಕ್ಕ ಬಗ್ಗಿ ಪಿಸುಗುಟ್ಟಿದ: "ಅಕ್ಕಾರ, ನೀರಿನ ಟ್ಯಾಂಕರೇ ಗೇಟಿನ ಕಮಾನಿನ ಕೆಳಗ ಹಾಯಂಗಿಲ್ಲ. ಬೆಂಕಿ ಆರಸೋ ಗಾಡಿ ಏನ್ ತಲಿ ಬಗ್ಗಿಸ್ಕೊಂಡ್ ಬರ್ತದೇನ್ರೀ?"

ಸಭೆಯ ಟಿಪ್ಪಣಿ ಬರೆಯುವವಳು ನಾನು. ಎದ್ದು ಹೇಳಲು ಬಾಯಿ ಬರಲಿಲ್ಲ. ನಕ್ಷೆಗೆ ಸಹಿ ಬಿತ್ತು.

ಈಗ ಟಿಪ್ಪಣಿಯ ಮೊದಲ ಸಾಲಿನಲ್ಲೇ ಕಮಾನಿನ ವಿಷಯ ಸೇರಿಸಿದೆ. ಬಂಡೆಪ್ಪನ ಹೆಸರು ಹಾಕಿದರೆ ಅವನ ಕೆಲಸಕ್ಕೆ ಕುತ್ತು. ನನ್ನದೇ ಹಾಕಿ ಎಲ್ಲರಿಗೂ ಕಳಿಸಿಬಿಟ್ಟೆ. ನಾಳೆ ಅಷ್ಟೂ ಜನ ನನ್ನತ್ತಲೇ ತಿರುಗುತ್ತಾರೆ. ಆಗಲಾದರೂ ಬಾಯಿ ಬರಬೇಕು.