ಎರಡನೇ ಭಾನುವಾರಕ್ಕೆ ಹುಲ್ಲು

ಮಾರ್ಚ್ 18, ಸೋಮವಾರ. ಬೆಳಿಗ್ಗೆ 5.30

ಹುಲ್ಲಿಗೆ ನೀರು ಹಾಕಿ ಬಂದೆ. ನಾಲ್ಕು ಕೊಡ. ಬಿಸಿಲೇರಿದ ಮೇಲೆ ಹಾಕಿದರೆ ಅರ್ಧ ಆವಿ. ರಾಯಚೂರಿನಿಂದ ತಂದ ಹುಲ್ಲಿನ ಹಾಸು ಸದ್ಯ ಹಸಿರಾಗಿದೆ.

ಇನ್ನು ಎಂಟು ವಾರ. ಮೇ ಎರಡನೇ ಭಾನುವಾರ ಮಗಳು ಮೌನು ಬರುತ್ತಾಳೆ — ಹತ್ತರಿಂದ ಐದು. ಕೋರ್ಟಿನ ಆದೇಶ: ಮೇನಿಂದ ಪ್ರತಿ ತಿಂಗಳ ಎರಡನೇ ಭಾನುವಾರ. ಮೊದಲ ಸಲ ನನ್ನ ಮನೆಗೆ. ಹೆಂಡತಿ ಶೈಲಶ್ರೀ ಬಿಟ್ಟು ಹೋಗಿ ಎರಡು ವರ್ಷ. ಅಂದಿನಿಂದ ಮಗಳು ಅಂದರೆ ತಿಂಗಳಿಗೆ ಒಂದು ತಾಸು, ಕೋರ್ಟಿನ ಕೋಣೆ, ಎದುರುಬದುರು ಕುರ್ಚಿ. ಏಳು ವರ್ಷದ ಹುಡುಗಿ ಎಷ್ಟು ಹೊತ್ತು ಕೂತಾಳು?

"ಮಾನ್ವಿ ಮನಿ ಅಂಗಳದಾಗ ಬರೇ ಪರಸಿ ಕಲ್ಲು ಅದ ಸರ್. ಹುಡುಗಿ ಬಿದ್ರ ಏನ್ ಗತಿ?" ಶೈಲಶ್ರೀ ಜಡ್ಜ್ ಮುಂದೆ ಹೇಳಿದ್ದು. ಸುಳ್ಳಲ್ಲ. ಮರುದಿನವೇ ಹಾಸುಗಲ್ಲು ಕೀಳಿಸಿದೆ.

ಏಪ್ರಿಲ್ 2, ಮಂಗಳವಾರ

ಸತ್ತಿತು. ಮೂಲೆಯಿಂದ ಶುರುವಾಗಿ ಹತ್ತೇ ದಿನದಲ್ಲಿ ಎಲ್ಲ ಗೋಣಿತಾಟಿನ ಬಣ್ಣ. ನೀರು ಒಂದು ದಿನವೂ ತಪ್ಪಿಸಿರಲಿಲ್ಲ. ಕಾಲೇಜಿಗೆ ಪಾಠಕ್ಕೆ ಹೋಗಲಿಲ್ಲ, ಜ್ವರ ಎಂದು ಹೇಳಿದೆ.

ಪಕ್ಕದ ಮನೆಯ ಗದ್ದೆಮ್ಮ ಗೋಡೆ ಮೇಲಿಂದ ಇಣುಕಿದಳು. "ಅದು ನೆಳ್ಳಾಗ ಬೆಳದದ್ದು ರೀ ಸರ. ನಮ್ ಬಿಸಲಿಗಿ ನಿಲ್ಲಂಗಿಲ್ಲ. ಗರಿಕಿ ಹಚ್ರಿ. ಅದಕ್ಕ ಸಾವಿಲ್ಲ."

ಏಪ್ರಿಲ್ 4, ಗುರುವಾರ

ಕಲ್ಲೂರಿಗೆ ಹೋಗಿ ಎರಡು ಚೀಲ ಗರಿಕೆ ಅಗೆದು ತಂದೆ, ಬೇರುಸಮೇತ. ಹೊಲದ ವಿರೂಪಣ್ಣ ಬದುವಿನ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. "ಇದನ್ನ ಕಿತ್ತು ಕಿತ್ತು ನಮ್ ಟೊಂಕ ಹೋಗ್ಯದ. ನೀವು ಒಯ್ದು ಹಚ್ತೀರಿ? ಯಾಕ್ರೀ?"

ಗಣಪತಿ ಪೂಜೆಗೆ ಎಂದೆ. ಎರಡು ಚೀಲ!

ಏಪ್ರಿಲ್ 21, ಭಾನುವಾರ

43 ಡಿಗ್ರಿ. ನಲ್ಲಿ ನೀರು ಐದು ದಿನಕ್ಕೊಮ್ಮೆ. ಸೋಪು ಬಿಟ್ಟಿದ್ದೇನೆ — ಸ್ನಾನದ ನೀರು, ಅಕ್ಕಿ ತೊಳೆದ ನೀರು, ಎಲ್ಲ ಅಂಗಳಕ್ಕೆ. ಗರಿಕೆ ಹರಿದಾಡುತ್ತಿದೆ. ಗಂಟು ಗಂಟಿಗೂ ಬೇರು. ಕತ್ತರಿಸುವುದಿಲ್ಲ, ಉದ್ದ ಇದ್ದರೆ ಅದರ ಬುಡಕ್ಕೆ ಅದರದೇ ನೆರಳು.

ಇವತ್ತು ಯಾರ ಜೊತೆಯೂ ಮಾತಾಡಲಿಲ್ಲ. ನಿನ್ನೆ... ಹಾಲಿನವನಿಗೆ "ಅರ್ಧ ಲೀಟರ್" ಎಂದೆ.

ಮೇ 8, ಬುಧವಾರ

ಎಲೆಕ್ಷನ್ ಡ್ಯೂಟಿ ದೇವದುರ್ಗಕ್ಕೆ ಬಿದ್ದಿತ್ತು. ಎರಡು ದಿನ ಬೂತಿನಲ್ಲಿ ಕೂತು ಹುಲ್ಲಿನದೇ ಚಿಂತೆ. ಬಸ್ಸಿಳಿದು ಓಡುತ್ತಲೇ ಬಂದೆ. ಮಣ್ಣು ಒದ್ದೆ ಇತ್ತು.

"ಎರಡೂ ದಿನ ನಾನಽ ಹಾಕೀನಿ," ಎಂದಳು ಗದ್ದೆಮ್ಮ. "ಮಗಳು ಬರಾಕಿ ಅಲ್ರೀ."

"ನಿಮಗ ಹೆಂಗ ಗೊತ್ತು ಯವ್ವಾ? ನಾ ಯಾರಿಗೂ ಹೇಳಿಲ್ಲ."

"ದಿನಾ ಮುಂಜಾನಿ ಹುಲ್ಲಿನ ಕೂಡ ಮಾತಾಡ್ತೀರಲ್ರೀ ಸರ. ನಡಬರಕ ಒಂದಽ ಗ್ವಾಡಿ."

ನನಗೇ ಗೊತ್ತಿರಲಿಲ್ಲ.

ಮೇ 12, ಭಾನುವಾರ. ಸಂಜೆ 6

ಹೋದಳು.

ಹತ್ತಕ್ಕೆ ಸರಿಯಾಗಿ ಬಂದಿದ್ದಳು. ಹುಲ್ಲಿನ ಅಂಚಿನಲ್ಲೇ ನಿಂತಳು. ಶೂ ಬಿಚ್ಚಲಿಲ್ಲ. "ಡ್ರೆಸ್ ಹೊಲಸ ಮಾಡ್ಕೋಬ್ಯಾಡ ಅಂದಾಳ ಮಮ್ಮಿ." ಒಳಗೆ ಬಂದು ಕುರ್ಚಿ ಮೇಲೆ ಕೂತಳು. ಕೋರ್ಟಿನಲ್ಲಿ ಕೂರುವ ಹಾಗೇ. ಊಟ ಮಾಡಿದಳು, ನನ್ನ ಮೊಬೈಲಿನಲ್ಲಿ ಆಡಿದಳು. ಏನು ಕೇಳಿದರೂ "ಹ್ಞೂಂ."

ನಾಲ್ಕಕ್ಕೆ ಗದ್ದೆಮ್ಮನ ಆಡಿನ ಮರಿ ಗೇಟು ದಾಟಿ ಬಂದು ಹುಲ್ಲಿಗೆ ಬಾಯಿ ಹಾಕಿತು. ಓಡಿಸಲು ಕೋಲು ಹಿಡಿದೆ. ಹಿಂದಿನಿಂದ ನಗು ಕೇಳಿಸಿತು. ಮೌನು ಶೂ ಕಿತ್ತೆಸೆದು ಹೊರಗೆ ಓಡಿದಳು. ಮೊಣಕಾಲೂರಿ, ಎರಡೂ ಕೈಯಲ್ಲಿ ಗರಿಕೆ ಹರಿದು ಹರಿದು ಮರಿಯ ಬಾಯಿಗೆ.

"ಪಪ್ಪಾ, ಇನ್ನಷ್ಟು ಕೀಳ್ಲೇನು?"

ಕೋಲು ಕೆಳಗಿಟ್ಟೆ. "ಕೀಳವ್ವ."

ಚಾಪೆಯಷ್ಟು ಜಾಗ ಬೋಳಾಯಿತು. ನಾನೂ ಪಕ್ಕದಲ್ಲಿ ಕೂತು ಕಿತ್ತುಕೊಟ್ಟೆ. ನನ್ನ ಹೆಗಲು ಹಿಡಿದು ಎದ್ದಳು, ಒಂದು ಸಲ.

ಐದಕ್ಕೆ ಶೈಲಶ್ರೀ ಬಂದಳು. ಮಗಳ ಫ್ರಾಕಿನ ಹಸಿರು ಕಲೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ನೀವಽ ಹಚ್ಚಿದ್ರೇನು, ಇಷ್ಟೂ?" ಎಂದಳು. ಹೌದೆಂದೆ. ಶೂ ಹುಡುಕಿ ಮಗಳ ಕಾಲಿಗೆ ತೊಡಿಸಿದಳು.

ಮೇ 30, ಗುರುವಾರ

ಶೈಲಶ್ರೀ ಮೆಸೇಜ್. ಅವಳಿಗೆ ಕಲಬುರಗಿಗೆ ಟ್ರಾನ್ಸ್‌ಫರ್ ಆಗಿದೆ. ಜೂನಿನಲ್ಲಿ ಮೌನುವನ್ನು ಕಳಿಸಲು ಆಗುವುದಿಲ್ಲ, ಮುಂದಿನದು ವಕೀಲರ ಹತ್ತಿರ ಮಾತಾಡಿ ಎಂದು. ಮೂರು ಸಲ ಓದಿದೆ. ನೀರು ಹಾಕಲಿಲ್ಲ.

ಜೂನ್ 9, ಭಾನುವಾರ. ಬೆಳಿಗ್ಗೆ 10

ಇವತ್ತು ಎರಡನೇ ಭಾನುವಾರ.

ಹೋದ ವಾರವಿಡೀ ರಾತ್ರಿ ಮಳೆ ಸುರಿದಿತ್ತು. ಬೋಳು ಜಾಗವೂ ಮುಚ್ಚಿಹೋಗಿದೆ. ಅವಳು ಎಲ್ಲಿ ಕೂತು ಕಿತ್ತಳೋ ಈಗ ಗೊತ್ತೇ ಆಗುವುದಿಲ್ಲ. ಅದೊಂದು ಹಾಗೇ ಇರಲಿ ಎಂದು ಇಷ್ಟು ದಿನ ಅಲ್ಲಿಗೆ ನೀರು ಬಿಟ್ಟಿರಲಿಲ್ಲ.

ವಕೀಲರು ಹೊಸ ಅರ್ಜಿ ಹಾಕೋಣ ಎನ್ನುತ್ತಾರೆ, ದಸರಾ ರಜೆಗೆ. ಮಗುವಿಗೆ ಮನೆಯಲ್ಲಿ ಏನೇನು ಅನುಕೂಲ ಇದೆ, ಬರೆದು ತನ್ನಿ ಎಂದರು. ಒಂದು ತಾಸಿನಿಂದ ಕೂತಿದ್ದೇನೆ.

1. ಅಂಗಳದಲ್ಲಿ ಹುಲ್ಲು ಇದೆ.
2. ಹುಲ್ಲು ಕಿತ್ತರೆ ಯಾರೂ ಬೈಯುವುದಿಲ್ಲ.